ಬಲೆಗೆ ಬಂದ ಮದುವೆ ಚೀಲ

ಹೋದ ವರ್ಷ ಜುಲೈ. ಯಾಂತ್ರಿಕ ದೋಣಿಗಳೆಲ್ಲ ಮಳೆಗಾಲದ ರಜೆಯಲ್ಲಿ ದಡ ಸೇರಿದ್ದವು. ನಮ್ಮ ಕುಂದಾಪುರದ ಕಡೆ ಆ ದಿನಗಳಲ್ಲಿ ಹೊಳೆಮೀನಿಗೇ ಬೇಡಿಕೆ. ಬೀಸುಬಲೆ ಹಿಡಿದು ಹೊಳೆಗೆ ಹೋಗಿದ್ದ ಪಕ್ಕದ ಮನೆಯ ಹುಡುಗ ಬೆಳ್ಳಂಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದ. ಕೈಯಲ್ಲಿ ಮೀನಿರಲಿಲ್ಲ, ಕೆಸರು ಮೆತ್ತಿದ ಒಂದು ಚೀಲವಿತ್ತು.

“ಹ್ವಾಯ್ ಅಕ್ಕಾ, ಕಾಣಿ, ನಿಮ್ ಮನಿ ಮದಿ ಚೀಲ ನಮ್ ಬಲಿಗ್ ಬಂತ್!”

ತೊಳೆದು ನೋಡಿದರೆ ಹೌದು. ಮಗಳು ಅಳಿಯನ ಹೆಸರು, ಮದುವೆಯ ತಾರೀಕು, ಒಂದಕ್ಷರವೂ ಅಳಿಸಿರಲಿಲ್ಲ. ಡಿಸೆಂಬರಿನಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟ ತಾಂಬೂಲದ ಚೀಲ ಅದು. ಅವನು ನಕ್ಕ, ನಾನೂ ನಕ್ಕೆ. ಒಳಗೆ ಬಂದ ಮೇಲೆ ಮಾತ್ರ ನಗು ಬರಲಿಲ್ಲ.

ಯಾಕೆಂದರೆ, ಪ್ಲಾಸ್ಟಿಕ್ ಬೇಡ ಅಂತಲೇ ನಾವು ಆ ಚೀಲ ಆರಿಸಿದ್ದು. ಅಂಗಡಿಯವರು ‘ಇದು ಬಟ್ಟೆ ಚೀಲ’ ಅಂದಿದ್ದರು. ಆಮೇಲೆ ಓದಿ ತಿಳಿದುಕೊಂಡೆ: ಈ ನಾನ್ ವೋವನ್ ಚೀಲಗಳು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಯಲ್ಲಿ ಅಂಟಿಸಿ ಮಾಡಿದವು. ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಬಿಸಿಲಿಗೆ ಪುಡಿಪುಡಿಯಾಗುತ್ತವೆಯೇ ಹೊರತು ಮಣ್ಣಾಗುವುದಿಲ್ಲ. ನೀವೂ ಪರೀಕ್ಷೆ ಮಾಡಿ. ಅಂಚು ಹರಿದು ಎಳೆದಾಗ ಉದ್ದಕ್ಕೆ ನೂಲು ಬಿಟ್ಟುಕೊಂಡು ಬಂದರೆ ಬಟ್ಟೆ, ಇಲ್ಲದಿದ್ದರೆ ಅನುಮಾನಿಸಿ.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರಿ ಗಂಗೊಳ್ಳಿಯ ಹತ್ತಿರ ಕಡಲಿಗೆ ಬೀಳುತ್ತವೆ. ಘಟ್ಟದ ಬುಡದಲ್ಲಿ ಯಾರೋ ಎಸೆದದ್ದೂ ನಮ್ಮ ಮನೆ ಹಿಂದಿನ ತೋಡಿನದ್ದೂ ಕೊನೆಗೆ ಅಲ್ಲಿಗೇ. ಪ್ರಪಂಚದ ನದಿಗಳಿಂದ ಕಡಲಿಗೆ ಹೋಗುವ ಪ್ಲಾಸ್ಟಿಕ್ಕಿನಲ್ಲಿ ಶೇ. 80ರಷ್ಟು, ಸಾವಿರಕ್ಕೂ ಸ್ವಲ್ಪ ಹೆಚ್ಚು ನದಿಗಳಿಂದಲೇ ಬರುತ್ತದೆ ಎಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತ್ತು. ಅದರಲ್ಲಿ ದೊಡ್ಡ ದೊಡ್ಡ ನದಿಗಳಿಗಿಂತ, ಊರುಗಳ ನಡುವೆ ಹರಿಯುವ ಸಣ್ಣ ನದಿಗಳ ಪಾತ್ರವೇ ಹೆಚ್ಚಂತೆ. ಜೋರು ಮಳೆ, ಹತ್ತಿರವೇ ಕಡಲು ಅಂದರೆ ಕಸಕ್ಕೆ ನಿಲ್ಲಲು ಜಾಗವೆಲ್ಲಿ?

ನಮ್ಮ ಸ್ವಸಹಾಯ ಗುಂಪಿನ ಸಭೆಯಲ್ಲಿ ಚೀಲ ತೋರಿಸಿದೆ. ಹರಿದ ಹಳೇ ಬಲೆಯೊಂದನ್ನು ತೋಡಿಗೆ ಅಡ್ಡ ಕಟ್ಟೋಣ ಅಂತ ತೀರ್ಮಾನವಾಯಿತು. ಎರಡನೇ ರಾತ್ರಿ ಸುರಿದ ಮಳೆಗೆ ಬಲೆ ತುಂಬ ಸೊಪ್ಪು, ಕಸ ಕಟ್ಟಿಕೊಂಡು, ನೀರು ಪಕ್ಕದವರ ಗದ್ದೆಗೆ ನುಗ್ಗಿತು. ಬೈಗುಳ ತಿಂದೆವು. ಅವರು ಬೈದದ್ದರಲ್ಲಿ ತಪ್ಪಿರಲಿಲ್ಲ.

ಉಪಾಯ ಹೇಳಿಕೊಟ್ಟವನೂ ಅದೇ ಹುಡುಗ. ಬಲೆಯನ್ನು ತಳದವರೆಗೆ ಬಿಡಬೇಡಿ, ಖಾಲಿ ಕ್ಯಾನುಗಳಿಗೆ ಕಟ್ಟಿ ತೇಲಿಸಿ, ನೀರು ಅಡಿಯಿಂದ ಹೋಗಲಿ ಅಂದ. ತೇಲುವ ಕಸ ಮೇಲೆ ಸಿಕ್ಕಿಕೊಂಡಿತು. ಅಡಿಯಲ್ಲಿ ಹೋಗುವುದು ಸಿಗಲಿಲ್ಲ, ಆದರೂ ಗದ್ದೆ ಉಳಿಯಿತು. ಅಮೆರಿಕದ ಬಾಲ್ಟಿಮೋರಿನಲ್ಲಿ 2014ರಿಂದ ನದಿಯ ಬಾಯಲ್ಲಿ ಕಸ ಎತ್ತುತ್ತಿರುವ ‘ಮಿಸ್ಟರ್ ಟ್ರ್ಯಾಶ್ ವೀಲ್’ ಎಂಬ ಚಕ್ರದ ಯಂತ್ರಕ್ಕೂ ಕಸವನ್ನು ದಾರಿಗೆ ತರುವುದು ಇಂಥದ್ದೇ ತೇಲುವ ಬೇಲಿ.

ವಾರಕ್ಕೊಮ್ಮೆ ಸಿಕ್ಕಿದ್ದನ್ನು ಬಿಡಿಸಿ, ಬಗೆಬಗೆಯಾಗಿ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟೆವು. ಕಣ್ಣು ತೆರೆಸಿದ್ದು ಆ ಲೆಕ್ಕವೇ. ನೀರಿನ ಬಾಟಲಿ ನಾವಂದುಕೊಂಡಷ್ಟು ಇರಲಿಲ್ಲ, ಅದನ್ನು ಗುಜರಿಯವರು ಕೊಳ್ಳುತ್ತಾರಲ್ಲ. ಯಾರೂ ಕೊಳ್ಳದ ಶಾಂಪೂ ಪೊಟ್ಟಣ, ಗುಟ್ಕಾ ಪೊಟ್ಟಣ, ಕುರುಕಲು ತಿಂಡಿಯ ಹೊಳೆಯುವ ಕವರ್, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಇವೇ ರಾಶಿ. ಮೂಲೆ ಪೂರ್ತಿ ಕತ್ತರಿಸದೆ ಅಂಟಿಕೊಂಡೇ ಇರುವ ಹಾಗೆ ಸೀಳಿದರೆ ಆ ಚೂರು ಹುಟ್ಟುವುದೇ ಇಲ್ಲ. ಇಷ್ಟು ವರ್ಷ ಅಡುಗೆಮನೆಯಲ್ಲಿ ಕಳೆದ ನನಗೇ ಇದು ಹೊಳೆದಿರಲಿಲ್ಲ!

ಕೆಲವರು “ಬಚ್ಚಲ ಒಲೆಗೆ ಹಾಕಿ, ಬೇಗ ಬೆಂಕಿ ಹೊತ್ತುತ್ತದೆ” ಅಂದರು. ಬೇಡವೇ ಬೇಡ. ಅದರ ವಿಷದ ಹೊಗೆ ಕುಡಿಯುವವರು ನಮ್ಮ ಮಕ್ಕಳೇ.

ಕೇರಳದ ಕೊಲ್ಲಂ ಬಳಿಯ ಶಕ್ತಿಕುಳಂಗರ ಬಂದರಿನಲ್ಲಿ 2017ರಲ್ಲಿ ‘ಶುಚಿತ್ವ ಸಾಗರಂ’ ಯೋಜನೆ ಶುರುವಾಯಿತು. ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಮತ್ತೆ ಕಡಲಿಗೆ ಎಸೆಯದೆ ಮೀನುಗಾರರು ದಡಕ್ಕೆ ತರುತ್ತಾರೆ. ಹೆಂಗಸರು ಅದನ್ನು ತೊಳೆದು ವಿಂಗಡಿಸುತ್ತಾರೆ. ಪುಡಿ ಮಾಡಿದ್ದು ಡಾಂಬರಿನ ಜೊತೆ ಸೇರಿ ರಸ್ತೆಯಾಗುತ್ತದೆ. ತಂದದ್ದನ್ನು ತೆಗೆದುಕೊಳ್ಳುವವರಿದ್ದರೆ ಮಾತ್ರ ತರುವವರಿಗೆ ಉತ್ಸಾಹ, ಅಲ್ಲವೇ? ನಮ್ಮ ರಾಶಿಯೂ ಪಂಚಾಯತಿಯ ಕಸದ ಗಾಡಿ ಬರತೊಡಗಿದ ಮೇಲೆಯೇ ಕರಗಿದ್ದು.

ಮೊನ್ನೆ ಮೈದುನನ ಮನೆ ಒಕ್ಕಲು. ಕಾಗದದ ಕೆಳಗೆ ‘ಬರುವಾಗ ಕೈಚೀಲ ತನ್ನಿ’ ಅಂತ ಅಚ್ಚು ಹಾಕಿಸಿದೆವು. “ಒಂದು ಚೀಲಕ್ಕೂ ಗತಿ ಇಲ್ಲದೆ ಹೋಯ್ತಾ?” ಎಂದು ಹಿರಿಯರೊಬ್ಬರು ಮುಖ ಗಂಟಿಕ್ಕಿದರು. ನನಗೂ ಮುಜುಗರವೇ ಆಯಿತು. ಆದರೆ ಊಟ ಮುಗಿಸಿ ಹೊರಟಾಗ ಎಲ್ಲರ ಕೈಯಲ್ಲೂ ಹಳೇ ಸೀರೆಯದ್ದೋ ಪಂಚೆಯದ್ದೋ ಚೀಲ, ಒಳಗೊಂದು ತೆಂಗಿನಕಾಯಿ.

ಮದುವೆ ಚೀಲವನ್ನು ಎಸೆಯಲಿಲ್ಲ. ಅಡುಗೆಮನೆಯ ಮೊಳೆಗೆ ನೇತು ಹಾಕಿದ್ದೇನೆ. ತೊಳೆದ ಹಾಲಿನ ಪ್ಯಾಕೆಟ್ಟುಗಳು ಈಗ ಅದರೊಳಗೆ. ಮಗಳು ಬಂದಾಗಲೆಲ್ಲ, “ಅಮ್ಮಾ, ನನ್ನ ಹೆಸರಿರೋದು ಕಸದ ಚೀಲದ ಮೇಲಾ?” ಅಂತ ಸಿಟ್ಟು ಮಾಡುತ್ತಾಳೆ.

ಹೊಳೆಯಲ್ಲಿ ಇರೋದಕ್ಕಿಂತ ಇಲ್ಲಿರೋದು ವಾಸಿ ಮಗಳೇ, ಅನ್ನುತ್ತೇನೆ.