ಮೊದಲು ನಿಲ್ಲಲಿ, ಆಮೇಲೆ ಓಡಲಿ



ನಮ್ಮ ಕನ್ನಡ ಕಾರ್ಯಕ್ರಮ ಕೇಳುತ್ತಾ ಕಾಫಿ ಹೀರುವ ನಿಮ್ಮಲ್ಲಿ ಕೆಲವರ ಮನಸ್ಸು ಊರಿನ ಮನೆಯ ಹಿತ್ತಿಲ ಶೆಡ್ಡಿನಲ್ಲಿ ಸುತ್ತುತ್ತಿರುತ್ತದೆ ಎಂಬುದು ನನಗೆ ಗೊತ್ತು. ಅಲ್ಲಿ ಗೋಣಿಚೀಲ, ಹಳೆಯ ತೊಟ್ಟಿಲು, ತೆಂಗಿನಕಾಯಿ ರಾಶಿಯ ಮಧ್ಯೆ ಅಪ್ಪನದೋ ಅಜ್ಜನದೋ ಒಂದು ಕಾರು ನಿಂತಿದೆ. ಗುಜರಿಗೆ ಹಾಕಿ ಅಂತ ಮನೆಯವರು, ಇರಲಿ ಬಿಡಿ ಅಂತ ನೀವು. ಇಂದಿನ ಮಾತು ಆ ಕಾರಿನ ಬಗ್ಗೆ. ಅದನ್ನು ಮನೆಯಲ್ಲೇ ಸರಿಮಾಡಿ ಓಡಿಸಬಹುದೇ? ಖಂಡಿತ ಓಡಿಸಬಹುದು. ಆದರೆ ಕೆಲಸದ ಕ್ರಮ ತಪ್ಪಬಾರದು. ನಾನು ತಪ್ಪಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 1966ರ ಫಿಯೆಟ್ 1100 ಡಿ. ಅಪ್ಪ ಧಾರವಾಡದಲ್ಲಿ ಓಡಿಸುತ್ತಿದ್ದ ಗಾಡಿ. ಹತ್ತೊಂಬತ್ತು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಅದನ್ನು ಲಾರಿಯ ಮೇಲೆ ಹೇರಿಕೊಂಡು ಪುಣೆಗೆ ತಂದೆ.

ಮುಂಬೈ, ಪುಣೆಯವರಿಗೆ ಈ ಕಾರಿನ ಪರಿಚಯ ಬೇಕಿಲ್ಲ. 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಶುರುಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಮುಂಬೈಯ ಕುರ್ಲಾದಲ್ಲಿ ಇದನ್ನು ತಯಾರಿಸುತ್ತಿತ್ತು. ಅಂದ ಹಾಗೆ, 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದವರೂ ಇದೇ ವಾಲ್‌ಚಂದ್. 1950ರ ದಶಕದ ಗುಂಡು ಮೈಯ ಫಿಯೆಟ್ಟನ್ನು ಮರಾಠಿಗರು ಪ್ರೀತಿಯಿಂದ 'ಡುಕ್ಕರ್', ಅಂದರೆ ಹಂದಿ, ಎಂದು ಕರೆದರು. 1964ರಲ್ಲಿ 1100 ಡಿ ಬಂತು. ಮುಂದೆ 1970ರ ದಶಕದಲ್ಲಿ ಅದೇ ಗಾಡಿಯ ಹೆಸರು ಪ್ರೀಮಿಯರ್ ಪದ್ಮಿನಿ ಎಂದಾಯಿತು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಇದೇ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಮರೆಯಾಯಿತು.

ಟ್ಯಾಕ್ಸಿ ಹೋದರೆ ಹೋಗಲಿ, ನಮಗೇನು ಅಂತೀರಾ? ಅದನ್ನು ನಂಬಿ ಬದುಕಿದ್ದ ಮೆಕ್ಯಾನಿಕ್‌ಗಳೂ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಕಾರ್ಬೊರೇಟರ್ ಶಬ್ದ ಕೇಳಿಯೇ ದೋಷ ಹೇಳುವ ಕಿವಿಗಳು ಕಡಿಮೆಯಾಗುತ್ತಿವೆ. ನಿಮ್ಮ ಶೆಡ್ಡಿನ ಕಾರಿಗೆ ಕೈ ಹಾಕುವುದಿದ್ದರೆ ತಡ ಮಾಡಬೇಡಿ ಎನ್ನುವುದು ಇದಕ್ಕೇ.

ನನ್ನ ತಪ್ಪು

ಮೊದಲ ಎಂಟು ತಿಂಗಳು ನಾನು ಮಾಡಿದ್ದು ಶೃಂಗಾರ. ಪೇಂಟ್, ಸೀಟಿನ ಹೊದಿಕೆ, ಬಂಪರಿಗೆ ಕ್ರೋಮ್. ಕೈಯಲ್ಲಿದ್ದ ದುಡ್ಡಿನ ಮುಕ್ಕಾಲು ಅಲ್ಲೇ ಹೋಯಿತು. ಗಾಡಿ ಮದುವಣಗಿತ್ತಿಯ ಹಾಗೆ ಹೊಳೆಯಿತು. ಇಂಜಿನ್ನೂ ಶುರುವಾಯಿತು. ಹೆಮ್ಮೆಯಿಂದ ಸೊಸೈಟಿಯ ಇಳಿಜಾರಿನಲ್ಲಿ ಇಳಿಸಿದೆ. ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಕೈಬ್ರೇಕ್ ಎಳೆದೆ. ಗಾಡಿ ಕಾವಲುಗಾರನ ಕೋಣೆಯ ಗೋಡೆಗೆ ಗುದ್ದಿ ನಿಂತಿತು. ಅದಕ್ಕೂ ಕೆಲವೇ ಕ್ಷಣ ಮೊದಲು ಅದೇ ಜಾಗದಲ್ಲಿ ಪಕ್ಕದ ಮನೆಯ ಹುಡುಗ ಸೈಕಲ್ ತುಳಿಯುತ್ತಾ ಹೋಗಿದ್ದ.

ಮುಂದಿನ ಚಕ್ರದ ಬ್ರೇಕ್ ಹೋಸ್ ಒಡೆದಿತ್ತು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು, ಒಳಗೆ ರಬ್ಬರ್ ಬಿರುಕು ಬಿಟ್ಟಿತ್ತು. ಅಪ್ಪ ಬೈಯಲಿಲ್ಲ. "ಮೊದಲ ಅದಕ್ಕ ನಿಲ್ಲೂದು ಕಲಸು, ಆಮ್ಯಾಲ ಓಡೂದು ಕಲಸೂಣಂತ" ಅಂದರು. ಅವತ್ತಿನಿಂದ ನನ್ನ ಕೆಲಸದ ಪಟ್ಟಿ ತಲೆಕೆಳಗಾಯಿತು. ನಿಮಗೆ ಕೊಡುತ್ತಿರುವುದು ಆ ಹೊಸ ಪಟ್ಟಿ.

ಕಾಗದ ಪತ್ರ

ಸ್ಪಾನರ್ ಹಿಡಿಯುವ ಮೊದಲು ಫೈಲ್ ಹಿಡಿಯಿರಿ. ಆರ್.ಸಿ. ಪುಸ್ತಕ ಯಾರ ಹೆಸರಿನಲ್ಲಿದೆ? ಚಾಸಿ ನಂಬರು, ಇಂಜಿನ್ ನಂಬರು ಅದರ ಜೊತೆ ಹೊಂದುತ್ತವೆಯೇ? ಅಜ್ಜ ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು. ಕರ್ನಾಟಕದ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಮೂಲ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಹೊರನಾಡ ಕನ್ನಡಿಗರು ಎಡವುವುದು ಇಲ್ಲೇ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ. ಆಮೇಲೆ ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿ.ಎ.' ಎಂದು ಬರುತ್ತದೆ. ಆದರೆ ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ನಮ್ಮ ಗಾಡಿಯ ನಂಬರು 'ಎಂ.ವೈ.' ಎಂದು ಶುರುವಾಗುತ್ತದೆ. 1973ಕ್ಕೆ ಮೊದಲು ನಮ್ಮ ನಾಡು ಮೈಸೂರು ರಾಜ್ಯವಾಗಿದ್ದ ಕಾಲದ ಗುರುತು ಅದು. ಬಿಟ್ಟುಕೊಡಲು ಮನಸ್ಸು ಬರುವುದುಂಟೇ?

ಒಂದು ಎಚ್ಚರಿಕೆ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನಾ ಆಫೀಸಿಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ತುಂಬಿಸುವುದು, ದುರಸ್ತಿ, ಇಷ್ಟಕ್ಕೆ ಮಾತ್ರ. ದೆಹಲಿಯ ಕೇಳುಗರು ಇನ್ನೂ ಜಾಗರೂಕರಾಗಿರಬೇಕು. ಹಳೆಯ ಪೆಟ್ರೋಲ್ ಗಾಡಿಗಳ ಮೇಲೆ ಅಲ್ಲಿ ನಿರ್ಬಂಧಗಳಿವೆ. ಗಾಡಿ ತರಿಸುವ ಮೊದಲೇ ಆರ್.ಟಿ.ಓ.ದಲ್ಲಿ ವಿಚಾರಿಸಿ.

ಬ್ರೇಕ್

ಈ ಕಾರಿನ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಎಣ್ಣೆಯನ್ನು ಪೈಪಿನಲ್ಲಿ ತಳ್ಳುತ್ತದೆ. ಚಕ್ರದ ಹತ್ತಿರ ಇರುವ ಪುಟ್ಟ ಸಿಲಿಂಡರ್ ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಇಂದಿನ ಕಾರುಗಳಲ್ಲಿ ಎಣ್ಣೆಗೆ ಎರಡು ದಾರಿ ಇರುತ್ತದೆ, ಒಂದು ಸೋರಿದರೆ ಇನ್ನೊಂದು ಕಾಯುತ್ತದೆ. ನಮ್ಮ ಹಳೆಯ ಗಾಡಿಗೆ ಒಂದೇ ದಾರಿ. ಎಲ್ಲೇ ಸೋರಿದರೂ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ.

ಆದ್ದರಿಂದ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಿಟ್, ಚಕ್ರದ ಸಿಲಿಂಡರುಗಳ ಕಿಟ್, ರಬ್ಬರ್ ಹೋಸ್‌ಗಳು, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಚೆನ್ನಾಗಿದೆಯಲ್ಲ ಎಂದು ಒಂದನ್ನೂ ಉಳಿಸಬೇಡಿ. ಹಳೆಯ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಡ್ರಮ್ ಬಿಚ್ಚಿದಾಗ ಬಾಯಿಂದ ಊದಬೇಡಿ, ಗಾಳಿ ಪಂಪನ್ನೂ ಬಳಸಬೇಡಿ. ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ.

ಬ್ರೇಕ್ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಎಣ್ಣೆ ಘಾಟಿಯ ಬಿಸಿಗೆ ಬೇಗ ಕುದಿಯುತ್ತದೆ, ಆವಿ ತುಂಬಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ. ಪೇಂಟಿನ ಮೇಲೆ ಚೆಲ್ಲಿದರೆ ಅದನ್ನೂ ಕಿತ್ತುಹಾಕುತ್ತದೆ. ನನ್ನ ಹೊಸ ಪೇಂಟಿನ ಮೇಲೆ ಅಂಗೈಯಗಲದ ಕಲೆ ಇಂದಿಗೂ ಇದೆ, ಬೇಕಾದರೆ ಬಂದು ನೋಡಿ!

ಪೈಪಿನೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಸಡಿಲಿಸಿ ಬಿಗಿಯಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ. ನಮ್ಮ ಮನೆಯಲ್ಲಿ ಪೆಡಲ್ ಒತ್ತಿದವರು ಅಪ್ಪ. 81ರ ವಯಸ್ಸು, ಕಣ್ಣು ಮಂದ, ಗಾಡಿ ಓಡಿಸುವಂತಿಲ್ಲ. ಆದರೆ ಕಾಲಿಗೆ ಆ ಪೆಡಲಿನ ನೆನಪಿತ್ತು. "ಇನ್ನೂ ಗಾಳಿ ಐತಿ, ಸ್ಪಂಜ್ ಆಗೇತಿ" ಎಂದು ಮೂರು ಸಲ ಮತ್ತೆ ಮಾಡಿಸಿದರು. ಕೊನೆಗೆ ಪೆಡಲ್ ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಸ್ವಲ್ಪವೂ ಕೆಳಗೆ ಜಾರಬಾರದು.

ಇಂಜಿನ್

ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ಕೂಡಲೇ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಬೇಡಿ. ಒಳಗೆ ಪಿಸ್ಟನ್ ರಿಂಗ್ ತುಕ್ಕು ಹಿಡಿದು ಅಂಟಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ಚಮಚ ತೆಳು ಎಣ್ಣೆ ಹಾಕಿ ಎರಡು ಮೂರು ದಿನ ಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್‌ಗೆ ಸ್ಪಾನರ್ ಹಾಕಿ ಕೈಯಿಂದಲೇ ನಿಧಾನ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನೂ ಕಾಯಿರಿ. ಇಂಜಿನ್ ಎಣ್ಣೆ, ರೇಡಿಯೇಟರ್ ನೀರು, ಫಿಲ್ಟರ್, ಬೆಲ್ಟ್ ಬದಲಿಸಿ.

ಇದು 1089 ಸಿ.ಸಿ.ಯ ನಾಲ್ಕು ಸಿಲಿಂಡರ್ ಇಂಜಿನ್. ಕಿಡಿ ಹಾರುವ ಸರದಿ 1-3-4-2. ಪ್ಲಗ್ ವೈರುಗಳನ್ನು ಬಿಚ್ಚುವ ಮುನ್ನ ಚೀಟಿ ಅಂಟಿಸಿ ನಂಬರ್ ಬರೆದಿಡಿ.

ಇಲ್ಲಿ ರೇಡಿಯೋ ಕೇಳುವ ನಿಮ್ಮ ಕಿವಿ ಉಪಯೋಗಕ್ಕೆ ಬರುತ್ತದೆ. ಹಳೆಯ ಕಾರಿನಲ್ಲಿ ಕಂಪ್ಯೂಟರ್ ಇಲ್ಲ, ಕಿವಿಯೇ ಕಂಪ್ಯೂಟರ್. ಮೇಲ್ಭಾಗದಲ್ಲಿ ಸಣ್ಣಗೆ ಟಿಕ್ ಟಿಕ್ ಅಂದರೆ ಟ್ಯಾಪೆಟ್ ಸಡಿಲ. ಕೆಳಗಿನಿಂದ ದಬ್ ದಬ್ ಎಂಬ ದಪ್ಪ ಸದ್ದು ಬಂದರೆ ಬೇರಿಂಗ್ ಹೋಗಿದೆ, ಕೂಡಲೇ ನಿಲ್ಲಿಸಿ. ಲಯ ತಪ್ಪಿ ಕುಂಟಿದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದು ಯಾವುದು? ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆದು ಕೇಳಿ. ಯಾವುದನ್ನು ತೆಗೆದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಪ್ಪ ವೈರು ಮುಟ್ಟದೆಯೇ ಹೇಳಿದ್ದರು: "ಮೂರರ ಮ್ಯಾಲ ಓಡಾಕತ್ತೈತಿ ನೋಡು."

ಪೆಟ್ರೋಲ್ ವಿಚಾರವೂ ಮುಖ್ಯ. ಈ ಕಾರು ಹುಟ್ಟಿದಾಗ ಪೆಟ್ರೋಲಿನಲ್ಲಿ ಎಥನಾಲ್ ಇರಲಿಲ್ಲ. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಮಿಶ್ರಣ ನೂರಕ್ಕೆ 20 ಭಾಗ ತಲುಪಿದೆ. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಮ್, ಕಾರ್ಬೊರೇಟರ್ ವಾಷರ್ ಎಲ್ಲವನ್ನೂ ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ. ಟ್ಯಾಂಕ್ ಇಳಿಸಿ ತೊಳೆಯಿರಿ. ಬಹಳ ದಿನ ನಿಲ್ಲಿಸುವುದಿದ್ದರೆ ಪೆಟ್ರೋಲ್ ಖಾಲಿ ಮಾಡಿ. ವೈರಿಂಗ್‌ನ ಹೊದಿಕೆ ಪುಡಿಯಾಗುತ್ತಿದ್ದರೆ ಹೊಸದಾಗಿ ಹಾಕಿಸಿ. ಬೆಂಕಿ ಆರಿಸುವ ಸಿಲಿಂಡರ್ ಒಂದು ಪಕ್ಕದಲ್ಲಿರಲಿ.

ತುಕ್ಕು, ಟೈರು, ಕೊನೆಗೆ ಬಣ್ಣ

ಈ ಕಾರಿಗೆ ಲಾರಿಯಂತೆ ಬೇರೆ ಚೌಕಟ್ಟಿಲ್ಲ, ಬಾಡಿಯೇ ಬೆನ್ನೆಲುಬು. ನೆಲದ ತಗಡು, ಬಾಗಿಲ ಕೆಳಗಿನ ತೊಲೆ, ಜಾಕ್ ಇಡುವ ಜಾಗ ತುಕ್ಕು ತಿಂದಿದ್ದರೆ ಗಾಡಿಯ ಬಲವೇ ಹೋಯಿತು. ಮುಂಬೈ, ಚೆನ್ನೈಯ ಸಮುದ್ರದ ಗಾಳಿ ಇದಕ್ಕೆ ಶತ್ರು. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಆಡಿಸಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿನ ಬದಲು ಪುಟ್ಟಿ ಇದೆ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕು. ಅದು ಮನೆಯ ಕೆಲಸವಲ್ಲ, ಕುಶಲಕರ್ಮಿಗೆ ಕೊಡಿ. ಗಾಡಿಯ ಕೆಳಗೆ ನುಗ್ಗುವಾಗ ಜಾಕ್ ಒಂದನ್ನೇ ಎಂದೂ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಕೆಳಗೆ ಹೋಗಿ.

ಟೈರಿನಲ್ಲಿ ಗೆರೆ ಚೆನ್ನಾಗಿದ್ದರೂ ವಯಸ್ಸಾದ ರಬ್ಬರ್ ಒಡೆಯುತ್ತದೆ, ಬದಲಿಸಲೇಬೇಕು. ಬಿಡಿಭಾಗಕ್ಕೆ ಮುಂಬೈಯವರು ಕುರ್ಲಾ ಮತ್ತು ಚೋರ್ ಬಜಾರ್, ಚೆನ್ನೈಯವರು ಪುದುಪೇಟೆ, ದೆಹಲಿಯವರು ಮಾಯಾಪುರಿ ಸುತ್ತಬಹುದು. ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ, ಹೆಸರು ಹೇಳಿದರೆ ಬೇರೆಯದೇ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬಣ್ಣ. ಹೊಸ ಕಾರಿಗಿಂತ ಹೊಸದಾಗಿ ಮಾಡುವ ಹಟ ಬೇಡ. ಬೇರೆ ಇಂಜಿನ್ ಕೂರಿಸಿದರೆ ವಿಂಟೇಜ್ ನೋಂದಣಿಯೂ ತಪ್ಪಬಹುದು. ಸ್ಟಿಯರಿಂಗಿನ ಮೇಲೆ ಅಪ್ಪನ ಕೈ ಸವೆಸಿದ ಗುರುತನ್ನು ನಾನು ಹಾಗೇ ಬಿಟ್ಟಿದ್ದೇನೆ.

ಓಡಿಸುವಾಗ

ಗೇರ್ ಇರುವುದು ಸ್ಟಿಯರಿಂಗ್ ಪಕ್ಕದಲ್ಲಿ. ಮೊದಲು ಇಂಜಿನ್ ನಿಲ್ಲಿಸಿ ಕೈಗೆ ಅಭ್ಯಾಸ ಮಾಡಿಸಿ. ಗಾಡಿ ಪೂರ್ತಿ ನಿಂತ ಮೇಲೆಯೇ ಮೊದಲ ಗೇರಿಗೆ ಹಾಕಿ. ಮುಂದಿನ ಗಾಡಿಯಿಂದ ದೂರ ಕಾಯ್ದುಕೊಳ್ಳಿ. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿಯೇ ಇಳಿಯಿರಿ, ಬ್ರೇಕ್ ಕಾಯುವುದು ತಪ್ಪುತ್ತದೆ. ಬಿಸಿ ಸೂಚಕದ ಮೇಲೆ ಕಣ್ಣಿರಲಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ.

ಹೋದ ಚಳಿಗಾಲದ ಒಂದು ಭಾನುವಾರ, ಟ್ರಾಫಿಕ್ ಏಳುವ ಮುನ್ನ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ದುರಸ್ತಿಯಾದ ಗಾಡಿಯ ಪರೀಕ್ಷೆಗೆಂದು ಹೊರಟೆ. ಸೊಸೈಟಿಯ ಅದೇ ಇಳಿಜಾರು. ಬ್ರೇಕ್ ಒತ್ತಿದೆ, ಗಾಡಿ ನಿಂತಿತು. ಅಪ್ಪ ಏನೂ ಹೇಳಲಿಲ್ಲ, ಕಿಟಕಿಯ ಗಾಜು ಇಳಿಸಿ ಇಂಜಿನ್ ಸದ್ದಿಗೆ ಕಿವಿ ಕೊಟ್ಟರು. ಎರಡು ಕಿಲೋಮೀಟರ್ ಆದ ಮೇಲೆ "ನಾಕೂ ಓಡಾಕತ್ತಾವು" ಅಂದರು.

ನಿಮ್ಮ ಊರಿನ ಶೆಡ್ಡಿನಲ್ಲೂ ಅಂಥದೊಂದು ಗಾಡಿ ಇದ್ದರೆ, ಅದರ ಸದ್ದು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಬಾಗಿಲು ತೆಗೆದು ನೋಡಿ. ಬ್ರೇಕಿನಿಂದಲೇ ಶುರುಮಾಡಿ. ಶುಭವಾಗಲಿ!