ಸಹಾಯಾರ್ಥ ಓಟ: ಹೊಸಬರ ಸಿದ್ಧತೆ

ಒಂದು ಸತ್ಕಾರ್ಯಕ್ಕೆ ಹಣ ಕೂಡಿಸಬೇಕಾದಾಗ ಹೊರನಾಡ ಕನ್ನಡ ಸಂಘಗಳು ಬಹುಕಾಲದಿಂದ ಹಿಡಿದುಬಂದ ದಾರಿಯೆಂದರೆ ಸಹಾಯಾರ್ಥ ನಾಟಕ, ಇಲ್ಲವೆ ಸಹಾಯಾರ್ಥ ಸಂಗೀತ ಕಚೇರಿ. ಟಿಕೆಟು ಕೊಂಡವರು ಆಸನದಲ್ಲಿ ಕುಳಿತು ಆನಂದಿಸುವರು. ಶ್ರಮವೆಲ್ಲ ರಂಗದ ಮೇಲಿರುವವರದು. ಕಳೆದ ಎರಡು ದಶಕಗಳಲ್ಲಿ ಭಾರತದ ನಗರಗಳಲ್ಲಿ ಬೇರೂರಿರುವ ಸಹಾಯಾರ್ಥ ಓಟ ಈ ಪದ್ಧತಿಯನ್ನು ತಿರುವುಮುರುವು ಮಾಡಿದೆ. ಇಲ್ಲಿ ದಾನಕ್ಕೆ ಕೈಯೆತ್ತಿದವನೇ ಬೆವರನ್ನೂ ಸುರಿಸಬೇಕು. ಮುಂಬಯಿಯಲ್ಲಿ 2004ರ ಫೆಬ್ರುವರಿಯಲ್ಲಿ ಮೊದಲಾದ ಮ್ಯಾರಥಾನಿನ ಅಂಗವಾಗಿ ಸುಮಾರು ಆರು ಕಿಲೋಮೀಟರಿನ 'ಡ್ರೀಮ್ ರನ್' ನಡೆಯುತ್ತ ಬಂದಿದೆ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರಿನ ಓಟದೊಡನೆ 'ಮಜಾ ರನ್' ಎಂಬ ಕಿರಿಯ ಓಟವೂ ಸೇರಿಕೊಂಡಿದೆ. ಇವುಗಳಲ್ಲಿ ಪದಕಕ್ಕಾಗಿ ಪೈಪೋಟಿಯಿಲ್ಲ. ಅಜ್ಜ, ಮೊಮ್ಮಗಳು, ಗುಮಾಸ್ತ, ಗೃಹಿಣಿ ಎಲ್ಲರೂ ಒಂದೇ ಗುಂಪಿನಲ್ಲಿ ಸಾಗುವರು.

ನಾಗಪುರದ ಧರಮಪೇಠದಂಥ ಬಡಾವಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇಂಥ ಓಟದ ಕರೆ ಬಂದಾಗ ಉತ್ಸಾಹಕ್ಕೆ ಕೊರತೆಯಿರುವುದಿಲ್ಲ. ಕೊರತೆಯಿರುವುದು ಅಭ್ಯಾಸಕ್ಕೆ. ಬ್ಯಾಂಕು, ರೈಲ್ವೆ, ಸರ್ಕಾರಿ ಕಚೇರಿಗಳಲ್ಲಿ ದಿನವಿಡೀ ಕುರ್ಚಿಯ ಮೇಲೆ ಕುಳಿತು, ಸಂಜೆ ಸ್ಕೂಟರಿನಲ್ಲಿ ಮನೆ ಸೇರುವ ನಲವತ್ತೈದರ ಗೃಹಸ್ಥರು, ಶಾಲೆಯ ಕ್ರೀಡಾದಿನದ ಬಳಿಕ ಓಡಿಯೇ ಇಲ್ಲವೆಂಬುದನ್ನು ಮರೆತು ಹೆಸರು ಬರೆಯಿಸುತ್ತಾರೆ. ನಾಲ್ಕು ದಿನ ಮೊದಲು ಹೊಸ ಬೂಟು ಕೊಳ್ಳುತ್ತಾರೆ. ಅನರ್ಥಕ್ಕೆ ಮೂಲ ಇದೇ. ಸಹಾಯಾರ್ಥ ಓಟದಲ್ಲಿ ಓಟ ಒಂದು ದಿನದ್ದು. ಸಿದ್ಧತೆ ಹನ್ನೆರಡು ವಾರಗಳದ್ದು. ಆರೋಗ್ಯಲಾಭವಿರುವುದು ಆ ಒಂದು ದಿನದಲ್ಲಿ ಅಲ್ಲ, ಈ ಹನ್ನೆರಡು ವಾರಗಳಲ್ಲಿ.

ಎರಡು ದೃಷ್ಟಾಂತಗಳು

ಓಡಿ ಹಣ ಕೂಡಿಸುವ ಪದ್ಧತಿಗೆ ಜಗತ್ತಿನಲ್ಲೆಲ್ಲ ಪ್ರೇರಣೆಯಿತ್ತವನು ಕೆನಡಾದ ಟೆರಿ ಫಾಕ್ಸ್ ಎಂಬ ತರುಣ. ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡ ಆತ, ಕೃತಕ ಕಾಲಿನಿಂದಲೇ ದೇಶದ ಉದ್ದಕ್ಕೂ ಓಡಿ ಕ್ಯಾನ್ಸರ್ ಸಂಶೋಧನೆಗೆ ಹಣ ಸಂಗ್ರಹಿಸಲು 1980ರ ಏಪ್ರಿಲ್ 12ರಂದು ಹೊರಟನು. ರೋಗ ಮರುಕಳಿಸಿ ನಿಲ್ಲಬೇಕಾಗಿ ಬರುವ ಹೊತ್ತಿಗೆ 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿದ್ದನು. ದೇಶದ ಪ್ರತಿಯೊಬ್ಬ ಪ್ರಜೆಯಿಂದ ಒಂದೊಂದು ಡಾಲರು ದೊರೆಯಲಿ ಎಂಬ ಅವನ ಕನಸು 1981ರ ಆರಂಭದಲ್ಲಿ ಈಡೇರಿತು. ಜನ ನೆನೆಯುವುದು ಈ ಸಾಹಸವನ್ನು. ಆದರೆ ಅದಕ್ಕೆ ಮುನ್ನ ಒಂದು ವರ್ಷಕ್ಕೂ ಮೀರಿದ ಕಾಲ ಅವನು ಅಭ್ಯಾಸಕ್ಕಾಗಿಯೇ ಐದು ಸಾವಿರ ಕಿಲೋಮೀಟರುಗಳಷ್ಟು ಓಡಿದ್ದನೆಂಬುದು ಹೊಸಬರು ಗಮನಿಸಬೇಕಾದ ಸಂಗತಿ.

ಇನ್ನೊಂದು ದೃಷ್ಟಾಂತ ಎಚ್ಚರಿಕೆಯದು. ಅಮೆರಿಕದ ಜಿಮ್ ಫಿಕ್ಸ್ 1977ರಲ್ಲಿ ಓಟವನ್ನು ಕುರಿತ ಗ್ರಂಥವೊಂದನ್ನು ಬರೆದು ಲಕ್ಷಾಂತರ ಜನರನ್ನು ಬೀದಿಗಿಳಿಸಿದರು. ಧೂಮಪಾನಿಯೂ ಸ್ಥೂಲಕಾಯರೂ ಆಗಿದ್ದ ಅವರು ಓಟದಿಂದಲೇ ಆ ಎರಡರಿಂದಲೂ ಪಾರಾಗಿದ್ದರು. ಆದರೂ 1984ರ ಜುಲೈ 20ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಓಟಕ್ಕೆ ಹೋದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಹೃದಯದ ರಕ್ತನಾಳಗಳು ಬಹಳಷ್ಟು ಕಟ್ಟಿಕೊಂಡಿದ್ದುವೆಂದು ಶವಪರೀಕ್ಷೆಯಿಂದ ತಿಳಿದುಬಂತು. ಅವರ ತಂದೆ 43ನೆಯ ವಯಸ್ಸಿನಲ್ಲಿ ಹೃದ್ರೋಗಕ್ಕೆ ಬಲಿಯಾಗಿದ್ದರು. ಓಟ ಹೃದಯಕ್ಕೆ ಹಿತವೆಂಬುದು ನಿಜ. ಆದರೆ ಅದು ವಂಶದ ಜಾತಕವನ್ನು ಅಳಿಸಿಹಾಕುವ ಮಂತ್ರವಲ್ಲ.

ಮೊದಲು ಪರೀಕ್ಷೆ, ಅನಂತರ ಬೂಟು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿಯೇ ಹಠಾತ್ತಾಗಿ ಅಗಲಿದಾಗ, ವ್ಯಾಯಾಮವೇ ಅಪಾಯವೇ ಎಂಬ ಪ್ರಶ್ನೆ ಕನ್ನಡಿಗರ ಮನೆಮನೆಗಳಲ್ಲಿ ಎದ್ದಿತು. ವೈದ್ಯಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಕ್ರಮಬದ್ಧ ವ್ಯಾಯಾಮ ಹೃದಯವನ್ನು ಕಾಯುತ್ತದೆ. ಅಭ್ಯಾಸವಿಲ್ಲದ ದೇಹಕ್ಕೆ ಒಮ್ಮೆಲೇ ಹೇರಿದ ಶ್ರಮ, ಮೊದಲೇ ಅಡಗಿರುವ ದೋಷವನ್ನು ಬಯಲಿಗೆಳೆಯಬಲ್ಲದು. ಪಾಶ್ಚಾತ್ಯರಿಗಿಂತ ಭಾರತೀಯರಲ್ಲಿ ಹೃದ್ರೋಗವೂ ಮಧುಮೇಹವೂ ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುತ್ತವೆ. ಆದುದರಿಂದ ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹವುಳ್ಳವರು, ಧೂಮಪಾನಿಗಳು, ಹಾಗೂ ತಂದೆತಾಯಿ ಒಡಹುಟ್ಟಿದವರಲ್ಲಿ ಎಳೆ ವಯಸ್ಸಿನ ಹೃದಯಾಘಾತ ಕಂಡವರು ಮೊದಲು ವೈದ್ಯರನ್ನು ಕಾಣುವುದು ಅವಶ್ಯ. ವಿಶ್ರಾಂತಿಯಲ್ಲಿ ತೆಗೆದ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದು ಭಾವಿಸಲಾಗದು. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಇನ್ಸುಲಿನ್ ಮೊದಲಾದ ಔಷಧ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಓಟದ ನಡುವೆ ಸಕ್ಕರೆಯಂಶ ಕುಸಿಯುವ ಸಂಭವವುಂಟು. ಅವರು ಕಿಸೆಯಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸನ್ನು ಇರಿಸಿಕೊಂಡಿರಬೇಕು.

ಹೆಚ್ಚು ಓಡಿದರೆ ಮಾತ್ರ ಫಲ ಎಂಬ ಭ್ರಮೆಯೂ ಬೇಡ. ಅಮೆರಿಕದಲ್ಲಿ 55,137 ಮಂದಿಯನ್ನು ಸುಮಾರು ಹದಿನೈದು ವರ್ಷಗಳವರೆಗೆ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ ಐದರಿಂದ ಹತ್ತು ನಿಮಿಷ ನಿಧಾನವಾಗಿ ಓಡುವವರಲ್ಲಿಯೂ ಹೃದ್ರೋಗದ ಮರಣ ಗಣನೀಯವಾಗಿ ಕಡಿಮೆಯಿತ್ತು. ನಿಧಾನವೇ ಪ್ರಧಾನ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ನಾಗಪುರದ ಹವೆಯೂ ಹನ್ನೆರಡು ವಾರಗಳ ಕ್ರಮವೂ

ನಾಗಪುರ ವಿಪರೀತಗಳ ಊರು. 2013ರ ಮೇ ತಿಂಗಳಿನಲ್ಲಿ ಇಲ್ಲಿ ಉಷ್ಣತೆ 47.9 ಡಿಗ್ರಿಗೆ ಏರಿತ್ತು. 2018ರ ಡಿಸೆಂಬರಿನಲ್ಲಿ 3.5 ಡಿಗ್ರಿಗೆ ಇಳಿದಿತ್ತು. ಬೇಸಗೆಯಲ್ಲಿ ಓಟ ಆರಂಭಿಸುವುದು ಅವಿವೇಕ. ವಿಜಯದಶಮಿಯ ಸುಮಾರಿಗೆ ತೊಡಗಿದರೆ ಮಕರ ಸಂಕ್ರಾಂತಿಯ ಹೊತ್ತಿಗೆ ಹನ್ನೆರಡು ವಾರಗಳು ಸಲೀಸಾಗಿ ದೊರೆಯುತ್ತವೆ. ಐದು ಕಿಲೋಮೀಟರಿನ ಓಟಕ್ಕೆ ಇಷ್ಟು ಸಾಕು.

ಮೊದಲ ಮೂರು ವಾರ ಓಟದ ಮಾತೇ ಬೇಡ. ವಾರಕ್ಕೆ ನಾಲ್ಕೈದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯುವುದಷ್ಟೇ. ನಾಲ್ಕನೆಯ ವಾರದಿಂದ, ದಿನ ಬಿಟ್ಟು ದಿನದಂತೆ ವಾರಕ್ಕೆ ಮೂರು ದಿನ, ಹತ್ತು ನಿಮಿಷ ನಡೆದು ಮೈ ಬೆಚ್ಚಗಾದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ. ಏಳನೆಯ ವಾರದಿಂದ ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಹತ್ತು ಹಾಗೂ ಹನ್ನೊಂದನೆಯ ವಾರಗಳಲ್ಲಿ ಐದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಐದು ಸಲ. ಕೊನೆಯ ವಾರದಲ್ಲಿ ಅಭ್ಯಾಸವನ್ನು ಅರ್ಧಕ್ಕಿಳಿಸಿ, ಓಟದ ಹಿಂದಿನ ಎರಡು ದಿನ ಪೂರ್ಣ ವಿಶ್ರಾಂತಿ. ಒಂದು ವಾರದ ಪಾಠ ಕಷ್ಟವೆನಿಸಿದರೆ ಅದನ್ನೇ ಮತ್ತೊಮ್ಮೆ ಮಾಡುವುದರಲ್ಲಿ ಅವಮಾನವೇನಿಲ್ಲ.

ವೇಗಕ್ಕೆ ಅಳತೆ ಗಡಿಯಾರವಲ್ಲ, ಮಾತು. ಓಡುತ್ತಲೇ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ಆಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಪದಕ್ಕೇ ಉಸಿರು ಕಟ್ಟಿದರೆ ಅದು ಅತಿಯಾಯಿತು. ಸಾಮಾನ್ಯವಾಗಿ ಐದಾರನೆಯ ವಾರದಲ್ಲಿ ದಮ್ಮು ಸುಧಾರಿಸಿ ಹುರುಪು ಹೆಚ್ಚುತ್ತದೆ. ಅಪಾಯದ ಗಳಿಗೆ ಅದೇ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹದಗೊಳ್ಳುತ್ತವೆ. ಮೂಳೆಗಳಿಗೂ ಅವುಗಳಿಗೆ ಅಂಟಿದ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ಉಸಿರು ಒಪ್ಪಿದರೂ ಮೊಣಕಾಲು ಒಪ್ಪದ ಈ ಕಾಲದಲ್ಲಿ ಉತ್ಸಾಹವನ್ನು ಬಿಗಿಹಿಡಿಯುವುದೇ ಜಾಣತನ. ಬಿಡುವಿನ ದಿನವೂ ಅಭ್ಯಾಸದ ಭಾಗವೆಂದೇ ತಿಳಿಯಬೇಕು.

ಸ್ಥಳಕ್ಕೆ ಧರಮಪೇಠದವರು ಪರದಾಡಬೇಕಿಲ್ಲ. ಅಂಬಾಝರಿ ಕೆರೆಯ ಕಡೆಯ ರಸ್ತೆಗಳೂ ಫುಟಾಳಾ ಕೆರೆಯ ದಂಡೆಯೂ ದೂರವಿಲ್ಲ. ಸೆಮಿನರಿ ಹಿಲ್ಸಿನ ಏರುಗಳನ್ನು ಮಾತ್ರ ಮೊದಲ ಎರಡು ತಿಂಗಳು ದೂರವಿಡುವುದು ಲೇಸು. ವೆಸ್ಟ್ ಹೈಕೋರ್ಟ್ ರಸ್ತೆಯಂಥ ವಾಹನಸಂಚಾರದ ಬೀದಿಗಳಲ್ಲಿ ಕಾಲುದಾರಿಯನ್ನು ಬಿಟ್ಟಿಳಿಯಬಾರದು. ಡಿಸೆಂಬರಿನ ಕೊರೆಯುವ ಚಳಿ ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ ಹಿರಿಯರು ಸೂರ್ಯೋದಯದ ಅನಂತರವೇ ಹೊರಡುವುದು ಕ್ಷೇಮ. ದೀಪಾವಳಿಯ ಪಟಾಕಿಯ ಹೊಗೆ ಕವಿದ ಮುಂಜಾನೆಗಳಲ್ಲಿ ಬಿಡುವು ಕೊಟ್ಟರೆ ನಷ್ಟವಿಲ್ಲ. ಮಹಿಳೆಯರು ಮೂವರು ನಾಲ್ವರು ಜೊತೆಗೂಡಿ ಹೊರಟರೆ ಸುರಕ್ಷಿತವೂ ಹೌದು, ಚಳಿಯಲ್ಲಿ ಹಾಸಿಗೆ ಬಿಟ್ಟೇಳಲು ಒತ್ತಾಯವೂ ಹೌದು.

ಪಾದರಕ್ಷೆ, ಆಹಾರ, ನೀರು

ಬಟ್ಟೆ ಯಾವುದಾದರೂ ಸಡಿಲವಾದದ್ದು ಸಾಕು. ಖರ್ಚು ಮಾಡಬೇಕಾದದ್ದು ಬೂಟಿಗೆ. ಪಾದಗಳು ಸಂಜೆಯ ಹೊತ್ತಿಗೆ ತುಸು ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯೇ ಕೊಳ್ಳಬೇಕು. ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲದಷ್ಟು ಜಾಗವಿರಬೇಕು. ಓಟದ ದಿನ ಹೊಸ ಬೂಟು ತೊಡುವುದು ಬೊಬ್ಬೆಗಳಿಗೆ ಆಮಂತ್ರಣ.

ಓಟಕ್ಕೆ ಒಂದೂವರೆ ಎರಡು ಗಂಟೆ ಮೊದಲು ಒಂದು ಬಾಳೆಹಣ್ಣು, ಅಥವಾ ಎರಡು ಇಡ್ಲಿ ಸಾಕು. ಖಾರದ ರಸ ಸುರಿದ ನಾಗಪುರದ ತರ್ರಿ ಪೋಹೆಯನ್ನು ಓಟ ಮುಗಿದ ಬಳಿಕದ ಬಹುಮಾನವಾಗಿ ಇರಿಸಿಕೊಳ್ಳುವುದು ಒಳಿತು. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು. ಬಾಯಾರಿಕೆ ಮೀರಿ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ಕೇಡಾಗುವುದೂ ಉಂಟು. ಬೆವರು ಹೆಚ್ಚಾಗಿ ಹರಿದ ದಿನ, ರಕ್ತದೊತ್ತಡದವರಲ್ಲದಿದ್ದರೆ, ಉಪ್ಪು ಬೆರೆಸಿದ ಮಜ್ಜಿಗೆ ಉತ್ತಮ. ಕಿತ್ತಳೆಯ ನಗರಿಯಲ್ಲಿದ್ದು ಓಟದ ಬಳಿಕ ಬಣ್ಣದ ಪಾನೀಯಗಳ ಬಾಟಲಿಗೆ ಕೈಚಾಚುವ ಅಗತ್ಯವಿಲ್ಲ.

ಓಟದ ದಿನ

ಆ ದಿನ ವಾದ್ಯಘೋಷಕ್ಕೂ ಜನಸಂದಣಿಗೂ ಮನಸೋತು ಮೊದಲ ಕಿಲೋಮೀಟರಿನಲ್ಲಿ ಧಾವಿಸುವುದು ಹೊಸಬರ ಸಾಮಾನ್ಯ ತಪ್ಪು. ಎಲ್ಲರನ್ನೂ ಮುಂದೆ ಬಿಟ್ಟು ಹಿಂಭಾಗದಿಂದ ಹೊರಡಬೇಕು. ಐದು ಕಿಲೋಮೀಟರಿಗೆ ಐವತ್ತು ನಿಮಿಷ ಹಿಡಿದರೂ ಯಾರೂ ಆಕ್ಷೇಪಿಸರು. ಹಿಂದಿನ ರಾತ್ರಿ ಜ್ವರ ಬಂದಿದ್ದರೆ ದೇಣಿಗೆಯನ್ನು ಸಲ್ಲಿಸಿ, ದಾರಿಯ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವುದೇ ಧರ್ಮ.

ಎದೆಯಲ್ಲಿ ಬಿಗಿತ, ದವಡೆಗೆ ಅಥವಾ ಎಡದೋಳಿಗೆ ಹರಿಯುವ ನೋವು, ಅಸಹಜ ಏದುಸಿರು, ತಣ್ಣನೆಯ ಬೆವರು, ತಲೆತಿರುಗು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ನಿಲ್ಲಬೇಕು. ಅದನ್ನು ಅಜೀರ್ಣವೆಂದೋ ಗ್ಯಾಸೆಂದೋ ತಳ್ಳಿಹಾಕಿ ಓಡಿದವರು ಬೆಲೆ ತೆತ್ತಿದ್ದಾರೆ. ಪಕ್ಕದವರು ಕುಸಿದುಬಿದ್ದು ಉಸಿರಾಟ ನಿಂತಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ ಒತ್ತುತ್ತಿರಬೇಕು. ಓಟಕ್ಕೆ ಸಿದ್ಧರಾಗುವ ಪ್ರತಿ ಗುಂಪಿನಲ್ಲಿಯೂ ಇಬ್ಬರಾದರೂ ಈ ವಿದ್ಯೆಯನ್ನು ಕಲಿತಿರುವುದು, ಎಷ್ಟೇ ದೇಣಿಗೆ ಕೂಡಿಸುವುದಕ್ಕಿಂತ ಕಿರಿದಾದ ಸೇವೆಯಲ್ಲ.

ದೇಣಿಗೆಯ ವಿಚಾರದಲ್ಲಿ ಒಂದೆರಡು ಮಾತು. ಕಿಲೋಮೀಟರಿಗೆ ಇಷ್ಟೆಂದು ವಚನ ಪಡೆಯುವ ಪದ್ಧತಿ ಆಕರ್ಷಕವಾದರೂ, ದಣಿದ ಹೊಸಬರನ್ನು ಇನ್ನೊಂದು ಕಿಲೋಮೀಟರಿಗೆ ದೂಡುವ ದೋಷ ಅದರಲ್ಲಿದೆ. ಭಾಗವಹಿಸಿದ್ದಕ್ಕೆ ಇಂತಿಷ್ಟೆಂದು ಮೊದಲೇ ಗೊತ್ತುಮಾಡುವುದು ಮೇಲು. ಪ್ರವೇಶಶುಲ್ಕದಲ್ಲಿ ಬನಿಯನ್ನು, ಪದಕ, ಶಾಮಿಯಾನಗಳಿಗೆ ಎಷ್ಟು ಹೋಯಿತು, ಉದ್ದೇಶಿತ ಕಾರ್ಯಕ್ಕೆ ಎಷ್ಟು ತಲುಪಿತು ಎಂದು ಕೇಳುವ ಹಕ್ಕು ಓಟಗಾರನಿಗಿದೆ; ರಸೀದಿಯನ್ನೂ ಲೆಕ್ಕವನ್ನೂ ಕೊಡುವ ಹೊಣೆ ಸಂಘಟಕರಿಗಿದೆ.

ಕನ್ನಡದಲ್ಲಿ ಧರ್ಮವೆಂಬ ಮಾತಿಗೆ ದಾನವೆಂಬ ಅರ್ಥವೂ ಉಂಟು. ಧರಮಪೇಠದ ಹೆಸರಿನಲ್ಲಿಯೇ ಆ ಮಾತು ಕುಳಿತಿದೆ. ಅನ್ನವಿತ್ತ ಊರಿನ ಬೀದಿಯಲ್ಲಿ, ಆ ಊರಿನ ಆರ್ತರಿಗಾಗಿ, ಮರಾಠಿ ಹಿಂದಿ ನುಡಿಯುವ ನೆರೆಹೊರೆಯವರೊಡನೆ ಹೆಜ್ಜೆ ಹಾಕುವುದು ಹೊರನಾಡ ಕನ್ನಡಿಗರಿಗೆ ಋಣ ತೀರಿಸುವ ಒಂದು ಸೊಗಸಾದ ಬಗೆ. ಓಟ ಮುಗಿದ ಮರುವಾರವೂ ಬೂಟುಗಳು ಮೂಲೆ ಸೇರದೆ, ವಾರಕ್ಕೆ ಮೂರು ಮುಂಜಾನೆ ಅಂಬಾಝರಿಯ ದಾರಿ ಹಿಡಿದರೆ, ಪರರಿಗಾಗಿ ಮಾಡಿದ ದಾನದಲ್ಲಿ ಒಂದು ಪಾಲು ತಮ್ಮ ಮನೆಗೂ ಬಂದಂತಾಯಿತು.