ಎರಡು ಲಕ್ಷ ಓಡಿದ ಕಾರಿಗೆ ನಿಮ್ಮ ಕಾರು ಕೊಡ್ತೀರಾ?

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಿಂದ ಒಬ್ಬ ಹಿರಿಯರು ಫೋನ್ ಮಾಡಿದ್ದರು. ಬೆಮೆಲ್‌ನಲ್ಲಿ ದುಡಿದು ನಿವೃತ್ತರಾದವರು. ಹೆಂಡತಿಗೆ ವಾರಕ್ಕೆ ಎರಡು ಸಲ ಕೋಲಾರದಲ್ಲಿ ಡಯಾಲಿಸಿಸ್. ಮನೆಯಲ್ಲಿರೋದು 2013ರ ಸಣ್ಣ ಪೆಟ್ರೋಲ್ ಕಾರು, 60 ಸಾವಿರ ಕಿಲೋಮೀಟರ್ ಓಡಿದೆ. ಬಂಗಾರಪೇಟೆಯ ಬ್ರೋಕರ್ ಒಬ್ಬರು, 'ಅದನ್ನ ಕೊಡಿ, ಮೇಲೆ ಎರಡು ಲಕ್ಷ ಹಾಕಿ, ಈ ಡೀಸೆಲ್ ಗಾಡಿ ತಗೊಂಡ್ಹೋಗಿ ಸಾರ್' ಅಂದಿದ್ದಾರೆ. ದೊಡ್ಡ ಕಾರು, ಸೀಟು ಚೆನ್ನಾಗಿ ಹಿಂದಕ್ಕೆ ಬಾಗುತ್ತೆ, ಸುಸ್ತಾದವರು ಒರಗಿಕೊಂಡು ಬರಬಹುದು. ಆದರೆ 2011ರ ಮಾಡೆಲ್, ಓಡಿರೋದು 2 ಲಕ್ಷದ 10 ಸಾವಿರ. 'ತಗೊಳ್ಳಲಾ, ಬೇಡ್ವಾ, ನೀವೇ ಹೇಳಿ' ಅಂದ್ರು.

ನಾನು ಅವರಿಗೆ ಅವರದೇ ಕಾರ್ಖಾನೆಯ ಲೆಕ್ಕ ನೆನಪಿಸಿದೆ. ಬುಲ್ಡೋಜರ್‌ಗೆ ಯಾರಾದ್ರೂ ಕಿಲೋಮೀಟರ್ ಕೇಳ್ತಾರಾ? ಎಷ್ಟು ಗಂಟೆ ಓಡಿದೆ ಅಂತ ಕೇಳ್ತಾರೆ. ಕಾರಿಗೂ ಅದೇ ಲೆಕ್ಕ ಹಾಕಿ ನೋಡಿ. ಹೆದ್ದಾರಿಯಲ್ಲಿ ಸರಾಸರಿ 50ರ ವೇಗದಲ್ಲಿ ಓಡಿದ ಗಾಡಿಗೆ 2 ಲಕ್ಷದ 10 ಸಾವಿರ ಅಂದ್ರೆ 4,200 ಗಂಟೆ. ಪೇಟೆಯೊಳಗೆ 20ರ ವೇಗದಲ್ಲಿ ತೆವಳಿದ ಸಣ್ಣ ಕಾರಿಗೆ 60 ಸಾವಿರ ಅಂದ್ರೆ 3,000 ಗಂಟೆ. ಮೀಟರ್‌ನಲ್ಲಿ ಮೂರೂವರೆ ಪಟ್ಟು ಕಾಣೋ ವ್ಯತ್ಯಾಸ ಇಂಜಿನ್ ಲೆಕ್ಕದಲ್ಲಿ ಒಂದೂವರೆ ಪಟ್ಟೂ ಇಲ್ಲ. ಅದೂ ಅಲ್ಲದೆ ಇಂಜಿನ್ ಹೆಚ್ಚು ಸವೆಯೋದು ತಣ್ಣಗಿದ್ದಾಗ. ಮಾರ್ಕೆಟ್‌ಗೆ ಹೋಗಿ ಐದು ನಿಮಿಷಕ್ಕೆ ಆಫ್ ಮಾಡೋ ಕಾರಿಗಿಂತ ದಿನಾ ಬೆಂಗಳೂರಿಗೆ ಹೋಗಿ ಬರೋ ಕಾರಿನ ಇಂಜಿನ್ ಗಟ್ಟಿ ಇರಬಹುದು.

ಹಾಗಾದ್ರೆ ತಗೊಳ್ಳಬಹುದಾ? ನಿಲ್ಲಿ ಸ್ವಾಮಿ. ಮೊದಲನೇದಾಗಿ ಮೀಟರ್ ಸುಳ್ಳು ಹೇಳಬಹುದು. ಪೆಡಲ್ ರಬ್ಬರು, ಸ್ಟೇರಿಂಗ್, ಡ್ರೈವರ್ ಸೀಟಿನ ಅಂಚು ಸುಳ್ಳು ಹೇಳಲ್ಲ. ಸರ್ವಿಸ್ ಬಿಲ್ ಕೇಳಿ. ಬೆಳಗ್ಗೆ ಹೇಳದೆ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅವರು ಆಗಲೇ ಒಮ್ಮೆ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ನೀಲಿ ಹೊಗೆ ಬಂದ್ರೆ ಆಯಿಲ್ ಕುಡಿತಿದೆ. ಕೆಜಿಎಫ್ ಗಾಡಿಯಾದ್ರೆ ಏರ್ ಫಿಲ್ಟರ್ ತೆಗೆಸಿ ನೋಡಿ. ಗಾಳಿ ಬೀಸಿದಾಗ ಸಯನೈಡ್ ಗುಡ್ಡದ ಧೂಳು ಎಲ್ಲೆಲ್ಲಿ ಕೂರುತ್ತೆ ಅನ್ನೋದನ್ನ ಆ ಊರಿನವರಿಗೆ ನಾನು ಹೇಳಬೇಕಿಲ್ಲ.

ಇನ್ನು ದುಡ್ಡು. ಕೋಲಾರಕ್ಕೆ ಹೋಗಿ ಬರೋಕೆ 60 ಕಿಲೋಮೀಟರ್ ಹಿಡಿದರೂ ವರ್ಷಕ್ಕೆ ಆರು ಸಾವಿರ ಚಿಲ್ಲರೆ. ಪೆಟ್ರೋಲ್ ನೂರು ರೂಪಾಯಿ, ಲೀಟರ್‌ಗೆ 16 ಕಿಲೋಮೀಟರ್. ಡೀಸೆಲ್ ತೊಂಬತ್ತು, ಲೀಟರ್‌ಗೆ 18 ಅಂತ ಹಿಡಿಯೋಣ. ಉಳಿಯೋದು ವರ್ಷಕ್ಕೆ ಏಳೆಂಟು ಸಾವಿರ. ಒಮ್ಮೆ ಕ್ಲಚ್ ಹೋದ್ರೆ ಅದೂ ಹೋಯ್ತು. ಮೇಲೆ ಹಾಕೋ ಎರಡು ಲಕ್ಷ ಡೀಸೆಲ್‌ನಲ್ಲಿ ಯಾವ ಕಾಲಕ್ಕೂ ವಾಪಸ್ ಬರಲ್ಲ. ಜೊತೆಗೆ ಹದಿನೈದು ವರ್ಷ ತುಂಬಿದ ಕಾರಿಗೆ ಮರುನೋಂದಣಿ ಆಗಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ, ಹಸಿರು ತೆರಿಗೆ ಬೇರೆ. ತಮಿಳುನಾಡು, ಆಂಧ್ರದ ನಂಬರ್ ಪ್ಲೇಟ್ ಇದ್ದರಂತೂ ಎನ್‌ಒಸಿ, ಇಲ್ಲಿನ ತೆರಿಗೆ ಎಲ್ಲ ಸೇರಿಸಿಯೇ ಬೆಲೆ ಮಾತಾಡಿ.

ನನಗೆ ಹೆಚ್ಚು ಭಯ ಇರೋದು ಬರೋ ಕಾರಿನ ಬಗ್ಗೆ ಅಲ್ಲ, ಹೋಗೋ ಕಾರಿನ ಬಗ್ಗೆ. ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ನಿಮ್ಮ ಗಾಡಿ ತಗೊಂಡು ಹೋಗ್ತಾರೆ. ಅದು ನಾಲ್ಕು ಕೈ ಬದಲಾಗುತ್ತೆ, ಆರ್‌ಸಿಯಲ್ಲಿ ಮಾತ್ರ ನಿಮ್ಮ ಹೆಸರೇ ಇರುತ್ತೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಆಗಿದ್ದು ಇದೇ. ಕಾರು ಮಾರಿ, ಕೈಯಿಂದ ಕೈಗೆ ಹೋಗಿ, ಅಪಘಾತವಾಯ್ತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೆನ್ಶನ್ ನಂಬಿ ಬದುಕೋ ಮನೆಗೆ ಅಂಥ ನೋಟಿಸ್ ಬಂದ್ರೆ ಏನು ಗತಿ? ಕೊಳ್ಳೋರ ಹೆಸರು, ತಾರೀಖು ತುಂಬದೆ ಸಹಿ ಹಾಕಬೇಡಿ. ಡೀಲರ್‌ಗೆ ಕೊಡೋದಾದ್ರೆ ಆರ್‌ಟಿಒ ದೃಢೀಕರಣ ಇದೆಯಾ ಕೇಳಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರೋ ನಿಯಮದಂತೆ, ಅಂಥವರಿಗೆ ಗಾಡಿ ಒಪ್ಪಿಸಿದ್ದನ್ನ ಆನ್‌ಲೈನ್‌ನಲ್ಲಿ ತಿಳಿಸಿದರೆ ಹೊಣೆ ಅವರಿಗೆ ಹೋಗುತ್ತೆ.

ಹಿರಿಯರಿಗೆ ನಾನು ಹೇಳಿದ್ದು ಇಷ್ಟು: ನಿಮ್ಮ ಕಾರಿನ ಚರಿತ್ರೆ ನಿಮಗೆ ಗೊತ್ತು. ಎರಡು ಲಕ್ಷದಲ್ಲಿ ಒಂದಿಪ್ಪತ್ತು ಸಾವಿರ ತೆಗೆದು ಬ್ಯಾಟರಿ, ಬೆಲ್ಟು, ಟೈರು ನೋಡಿಸಿ, ಮುಂದಿನ ಸೀಟಿಗೆ ಒಳ್ಳೆ ಕುಶನ್ ಹಾಕಿಸಿ. ಅಮ್ಮನವರಿಗೆ ಅದು ಸಾಲಲ್ಲ ಅನ್ನಿಸಿದರೆ ಆಗ ದೊಡ್ಡ ಕಾರಿನ ಮಾತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬ್ರೋಕರ್ ಹೆಸರು ವರ್ಗಾವಣೆ ಆಮೇಲೆ ಮಾಡಿಸ್ತೀನಿ ಅಂತಿದ್ದ ಸಾರ್' ಅಂದ್ರು.